ಹತ್ತು ಸಾವಿರ ಸಾಲ, ಐವತ್ತು ವಾರ

ಬೀದರಿನ ಗಡಿ ದಾಟಿ ಪೂರ್ವಕ್ಕೆ ಹೋದರೆ ಸಿಗುವ ನಾರಾಯಣಖೇಡ ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಊರು. 1956ರ ತನಕ ಅದು ಬೀದರ್ ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಹೀರಾಬಾದಿನ ಜೊತೆ ಅದೂ ಆಂಧ್ರದ ಪಾಲಾಯಿತು. ನಕಾಶೆ ಬದಲಾಯಿತು, ಬದುಕು ಹಾಗೇ ಉಳಿಯಿತು: ಗಡಿಯ ಎರಡೂ ಕಡೆ ಅದೇ ಜೋಳ, ಅದೇ ತೊಗರಿ, ಮಳೆ ಕೈಕೊಟ್ಟ ವರ್ಷ ಅದೇ ಸಾಹುಕಾರನ ಬಾಗಿಲು. 1998ರಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಸ್ವಯಂ ಕೃಷಿ ಸಂಘಂ ಎಂಬ ಪುಟ್ಟ ಸಂಸ್ಥೆಯೊಂದು ಹೆಂಗಸರನ್ನು ಕೂರಿಸಿಕೊಂಡು ಒಂದೆರಡು ಸಾವಿರ ರೂಪಾಯಿಯ ಸಾಲ ಹಂಚತೊಡಗಿತು. ಎಮ್ಮೆಗೊಂದು, ಕುರಿಗೊಂದು, ಕಿರಾಣಿ ಗೂಡಂಗಡಿಗೊಂದು.

ಹನ್ನೆರಡು ವರ್ಷಗಳ ನಂತರ, 2010ರ ಆಗಸ್ಟ್ 16ರಂದು, ಅದೇ ಸಂಸ್ಥೆ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಎಂಬ ಹೆಸರಿನಲ್ಲಿ ಷೇರುಪೇಟೆಗೆ ಬಂತು. 985 ರೂಪಾಯಿಗೆ ಹಂಚಿದ ಷೇರು ಮೊದಲ ದಿನವೇ ಸಾವಿರ ದಾಟಿತು. ಹೈದರಾಬಾದಿನ ಆ ಕಂಪನಿಗೆ ಆಗ ಸುಮಾರು 70 ಲಕ್ಷ ಸಾಲಗಾರರು, ಎಲ್ಲರೂ ಹೆಂಗಸರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಆಂಧ್ರಪ್ರದೇಶದವರು ಕಂತು ಕಟ್ಟುವುದನ್ನು ನಿಲ್ಲಿಸಿದ್ದರು.

ಈ ಎರಡು ತುದಿಗಳ ನಡುವೆ ಹೈದರಾಬಾದ್ ದೇಶದ ಕಿರುಸಾಲದ ರಾಜಧಾನಿಯಾಗಿತ್ತು. ಉದಯಕುಮಾರ್ ಅವರ ಷೇರ್, ಗುಂಟೂರಿನಲ್ಲಿ ಹುಟ್ಟಿ ಇಲ್ಲಿಗೆ ಬಂದ ಪದ್ಮಜಾ ರೆಡ್ಡಿಯವರ ಸ್ಪಂದನ, ವಿಜಯ ಮಹಾಜನ್ 1996ರಲ್ಲಿ ಕಟ್ಟಿದ ಬೇಸಿಕ್ಸ್, ಅಸ್ಮಿತಾ, ಟ್ರೈಡೆಂಟ್: ದೇಶದ ದೊಡ್ಡ ಕಿರುಸಾಲ ಕಂಪನಿಗಳಲ್ಲಿ ಹಲವು ಈ ಒಂದೇ ಊರಿನಲ್ಲಿದ್ದವು. ಬೇಸಿಕ್ಸ್‌ನ ಆರಂಭದ ಕೆಲಸದಲ್ಲಿ ನಮ್ಮ ರಾಯಚೂರೂ ಇತ್ತು. ಅದು ನಡೆಸುತ್ತಿದ್ದ ಕೃಷ್ಣಾ ಭೀಮಾ ಸಮೃದ್ಧಿ ಬ್ಯಾಂಕಿನ ವ್ಯಾಪ್ತಿಗೆ ಮಹಬೂಬನಗರದ ಜೊತೆ ರಾಯಚೂರು, ಕಲಬುರಗಿ ಜಿಲ್ಲೆಗಳು ಸೇರಿದ್ದವು. ನಿಜಾಮನ ಹಳೆಯ ಸೀಮೆಯನ್ನು ಹೊಸ ಸಾಲ ಇನ್ನೊಮ್ಮೆ ಒಂದು ಮಾಡಿತು ಎನ್ನಬಹುದು.

ಹೈದರಾಬಾದೇ ಏಕೆ? ಉತ್ತರ ಹುಡುಕಲು ಕಂಪನಿಗಳಿಗಿಂತ ಹಿಂದಕ್ಕೆ ಹೋಗಬೇಕು. ಗ್ರಾಮೀಣ ಹೆಂಗಸರನ್ನು ಗುಂಪುಗೂಡಿಸುವ ಡ್ವಾಕ್ರಾ ಯೋಜನೆ 1982ರಲ್ಲಿ ಬಂದಿತ್ತು. ಆದರೆ ಆಂಧ್ರದಲ್ಲಿ ಅದಕ್ಕೆ ಜೀವ ಬಂದದ್ದು 1992ರ ಸಾರಾಯಿ ವಿರೋಧಿ ಚಳವಳಿಯಿಂದ. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ, ವಯಸ್ಕರ ಶಿಕ್ಷಣದ ಪಾಠಕ್ಕೆ ಬರುತ್ತಿದ್ದ ಹೆಂಗಸರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಕಿಡಿ ರಾಜ್ಯಕ್ಕೆಲ್ಲ ಹಬ್ಬಿ, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪಾನನಿಷೇಧ ಜಾರಿಗೆ ತಂದಿತು. ನಿಷೇಧ ಹೆಚ್ಚು ದಿನ ಬಾಳಲಿಲ್ಲ, ಸಂಘಗಳು ಬಾಳಿದವು. ಸಾರಾಯಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ದಿನಕ್ಕೊಂದು ರೂಪಾಯಿ ಎತ್ತಿಡುವ ಪೊದುಪು ಸಂಘಗಳು ಊರೂರಲ್ಲಿ ಎದ್ದವು. ಒಟ್ಟಿಗೆ ಕೂತು ದುಡ್ಡಿನ ಮಾತಾಡುವುದು, ಬ್ಯಾಂಕಿನ ಮೆಟ್ಟಿಲು ಹತ್ತುವುದು, ಅಧಿಕಾರಿಯ ಎದುರು ಕುರ್ಚಿ ಎಳೆದು ಕೂರುವುದು, ಇವೆಲ್ಲ ಅಲ್ಲಿನ ಹೆಂಗಸರಿಗೆ ರೂಢಿಯಾದವು.

ಕರ್ನಾಟಕದ ಪಾತ್ರವೂ ಇದರಲ್ಲಿ ಸಣ್ಣದಲ್ಲ. ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಒಂದು ವಿಷಯ ಗಮನಿಸಿತು: ತಾನು ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದ ಕಡೆ, ಪರಸ್ಪರ ನಂಬಿಕೆಯಿದ್ದ ಹದಿನೈದು ಇಪ್ಪತ್ತು ಜನ ತಾವೇ ಸೇರಿ ಉಳಿತಾಯ, ಸಾಲ ನಡೆಸುತ್ತಿದ್ದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ದೇಶದ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಆರಂಭವಾಯಿತು. ಸ್ವಸಹಾಯ ಸಂಘ ಎಂದು ಇವತ್ತು ದೇಶಕ್ಕೇ ಗೊತ್ತಿರುವ ವ್ಯವಸ್ಥೆಯ ಬೇರು ಅಲ್ಲಿದೆ. ಅದನ್ನು ಎಲ್ಲರಿಗಿಂತ ದೊಡ್ಡದಾಗಿ ಬೆಳೆಸಿದ್ದು ಆಂಧ್ರ. 2000ದಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಸೆರ್ಪ್ ಎಂಬ ಸಂಸ್ಥೆ ಕಟ್ಟಿ, ವಿಶ್ವಬ್ಯಾಂಕಿನ ಹಣ ತಂದು, ಸಂಘಗಳನ್ನು ಗ್ರಾಮ, ಮಂಡಲ, ಜಿಲ್ಲಾ ಒಕ್ಕೂಟಗಳಾಗಿ ಹೆಣೆಯಿತು. ಮುಂದೆ ವೈ.ಎಸ್. ರಾಜಶೇಖರ ರೆಡ್ಡಿ ‘ಪಾವಲಾ ವಡ್ಡಿ’ ತಂದರು. ನೂರಕ್ಕೆ ತಿಂಗಳಿಗೆ ನಾಲ್ಕಾಣೆ, ಅಂದರೆ ವರ್ಷಕ್ಕೆ ಶೇ. 3 ಬಡ್ಡಿ, ಅದಕ್ಕೆ ಮೇಲಿನದನ್ನು ಸರ್ಕಾರ ತುಂಬಿಕೊಡುತ್ತಿತ್ತು. 2010ರ ಹೊತ್ತಿಗೆ ಆ ರಾಜ್ಯದಲ್ಲಿ ಸುಮಾರು ಒಂದು ಕೋಟಿ ಹೆಂಗಸರು ಸಂಘಗಳಲ್ಲಿದ್ದರು.

ಹೀಗೆ ಸರ್ಕಾರ ಉತ್ತು ಹದಮಾಡಿದ್ದ ನೆಲಕ್ಕೇ ಕಂಪನಿಗಳು ಬಂದವು. ಸಂಘದ ದಾರಿ ನಿಧಾನದ್ದು: ಮೊದಲು ಉಳಿತಾಯ, ಆರು ತಿಂಗಳು ಪುಸ್ತಕ ಸರಿಯಾಗಿಟ್ಟ ಮೇಲೆ ಬ್ಯಾಂಕಿನ ಸಾಲ, ಅದೂ ಮ್ಯಾನೇಜರ್ ಮನಸ್ಸು ಮಾಡಿದರೆ. ಕಂಪನಿಯ ದಾರಿಯಲ್ಲಿ ಉಳಿತಾಯವೇ ಇಲ್ಲ, ಠೇವಣಿ ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ, ಜಾಮೀನಿಗೆ ಅಕ್ಕಪಕ್ಕದ ಹೆಂಗಸರು. ಅಷ್ಟಿದ್ದರೆ ಸಾಲ ಕೈಗೆ. ಮುಹಮ್ಮದ್ ಯೂನುಸ್ ಬಾಂಗ್ಲಾದೇಶದಲ್ಲಿ ತೋರಿಸಿಕೊಟ್ಟ ಮಾದರಿ ಇದು. ಅವರಿಗೂ ಅವರ ಗ್ರಾಮೀಣ ಬ್ಯಾಂಕಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಹೈದರಾಬಾದಿನ ಕಂಪನಿಗಳಿಗೂ ಅದರ ಬೆಳಕು ಬಿತ್ತು.

ಸ್ಪಂದನದ ಹುಟ್ಟಿನ ಬಗ್ಗೆ ಪದ್ಮಜಾ ರೆಡ್ಡಿ ಹೇಳುತ್ತಿದ್ದ ಕಥೆಯೊಂದಿದೆ. ಗುಂಟೂರಿನಲ್ಲಿ ಅವರು ಚಿಂದಿ ಆಯುವ ಹೆಣ್ಣುಮಗಳೊಬ್ಬಳನ್ನು ಕಂಡರಂತೆ. ಆಕೆ ತಳ್ಳುಗಾಡಿಗೆ ದಿನವೂ ಬಾಡಿಗೆ ಕಟ್ಟುತ್ತಿದ್ದಳು. ಆ ಬಾಡಿಗೆಯನ್ನು ಕೂಡಿಟ್ಟರೆ ಕೆಲವೇ ವಾರಗಳಲ್ಲಿ ಸ್ವಂತ ಗಾಡಿ ಕೊಳ್ಳಬಹುದಿತ್ತು, ಆದರೆ ಕೂಡಿಡುವಷ್ಟು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಗಾಡಿಗೆ ಸಾಲ ಕೊಟ್ಟರು, ಆಕೆ ತೀರಿಸಿದಳು, ಆಮೇಲೆ ಇನ್ನೊಬ್ಬಳು ಬಂದಳು. 1998ರಲ್ಲಿ ಸ್ಪಂದನ ಶುರುವಾಯಿತು. ಕಥೆ ಸೊಗಸಾಗಿದೆ, ನಿಜವೂ ಇರಬಹುದು. ಅದರಲ್ಲಿ ಒಂದು ವಿವರ ಮಾತ್ರ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ: ಆ ಹೆಣ್ಣುಮಗಳು ಸಾಲ ಬರುವ ಮೊದಲೇ ಚಿಂದಿಯ ವ್ಯಾಪಾರದಲ್ಲಿದ್ದಳು.

ಸ್ಪಂದನ ಹೈದರಾಬಾದಿನ ಬಡಾವಣೆಗಳಿಗೆ ಕಾಲಿಟ್ಟಾಗ ಅದರ ಮೊದಲ ಸಾಲ 10,000 ರೂಪಾಯಿ, ತೀರಿಸಲು 50 ವಾರ. 18ರಿಂದ 59 ವಯಸ್ಸಿನ, ಒಂದೇ ಕಡೆ ವರ್ಷಕ್ಕೆ ಕಡಿಮೆಯಿಲ್ಲದೆ ನೆಲೆಸಿದ ಹೆಂಗಸರು ಆರರಿಂದ ಹತ್ತು ಜನ ಸೇರಿ ಗುಂಪಾಗಬೇಕು. ಇಂಥ ಹಲವು ಗುಂಪು ಸೇರಿ ಒಂದು ಸೆಂಟರ್. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಬಡ್ಡಿ ಶೇ. 12 ಎಂದು ಹೇಳುತ್ತಿದ್ದರು. ಲೆಕ್ಕ ಹೀಗೆ: ಅಸಲು ವಾರಕ್ಕೆ 200, ಬಡ್ಡಿ 24, ಒಟ್ಟು 224 ರೂಪಾಯಿ. ಆದರೆ ಅಸಲು ವಾರವಾರವೂ ಕರಗುತ್ತಾ ಹೋದರೂ ಬಡ್ಡಿ ಪೂರ್ತಿ ಹತ್ತು ಸಾವಿರದ ಮೇಲೇ ನಿಲ್ಲುತ್ತದೆ. ವರ್ಷವಿಡೀ ಆಕೆಯ ಕೈಯಲ್ಲಿ ಸರಾಸರಿ ಇರುವುದು ಐದು ಸಾವಿರ ಚಿಲ್ಲರೆ, ಕಟ್ಟುವ ಬಡ್ಡಿ 1,200. ನಿಜವಾದ ದರ ಶೇ. 24ರ ಹತ್ತಿರ. ಹಾಗೆಂದು ಬೀದಿಯ ಬಡ್ಡಿಯವನ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಿಂದ ಐದು ರೂಪಾಯಿ ಕೊಡುತ್ತಿದ್ದವಳಿಗೆ ಇದು ಅರ್ಧ ಭಾರ ಇಳಿಸಿದ ಹಾಗೆಯೇ. ಬ್ಯಾಂಕಿನ ಮಟ್ಟಿಗೆ ಆಕೆ ಗಿರಾಕಿಯೇ ಆಗಿರಲಿಲ್ಲ.

ಸೆಂಟರ್ ಮೀಟಿಂಗ್ ವಾರಕ್ಕೊಮ್ಮೆ, ಬಹುಪಾಲು ಬೆಳಗ್ಗೆ, ನಲ್ಲಿ ನೀರು ಮತ್ತು ಮಕ್ಕಳ ಸ್ಕೂಲಿನ ನಡುವಿನ ಹೊತ್ತಿನಲ್ಲಿ. ಯಾರದೋ ಮನೆಯ ಪಡಸಾಲೆಯಲ್ಲಿ ಗುಂಪಿಗೊಂದು ಸಾಲು ಕಟ್ಟಿ ಕೂರುತ್ತಾರೆ. ಬೈಕಿನಲ್ಲಿ ಬಂದ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹಾಜರಿ ಕೂಗುತ್ತಾನೆ, ಪ್ರತಿಜ್ಞೆ ಹೇಳಿಸುತ್ತಾನೆ, ನೋಟು ಎಣಿಸಿ ಪಾಸ್‌ಬುಕ್ಕಿಗೆ ಸಹಿ ಹಾಕುತ್ತಾನೆ. ಅರ್ಧ ಗಂಟೆಯಲ್ಲಿ ಮುಗಿಯಬೇಕು, ಮುಂದಿನ ಗಲ್ಲಿಯಲ್ಲಿ ಇನ್ನೊಂದು ಸೆಂಟರ್ ಕಾದಿರುತ್ತದೆ. ಕಂಪನಿಯ ಲಾಭವೆಲ್ಲ ಈ ಅರ್ಧ ಗಂಟೆಯ ಶಿಸ್ತಿನಲ್ಲಿದೆ. ಹುಡುಗನೊಬ್ಬ ನೂರಾರು ಹೆಂಗಸರನ್ನು ನೋಡಿಕೊಳ್ಳಬಲ್ಲ, ಆದ್ದರಿಂದಲೇ ಹತ್ತು ಸಾವಿರದಷ್ಟು ಚಿಕ್ಕ ಸಾಲವೂ ಗಿಟ್ಟುತ್ತದೆ.

ಈ ಹಣ ಯಾವ ಬಗೆಯ ವ್ಯಾಪಾರಕ್ಕೆ ಒಗ್ಗುತ್ತದೆ? ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿಗೆ ಬಳೆ ಹೋಗುವ ಹಳೇ ಪಟ್ಟಣದ ಮನೆಗಳನ್ನು ನೋಡಿದರೆ ಅರ್ಥವಾಗುತ್ತದೆ. ಅರಗನ್ನು ಕೆಂಡದ ಮೇಲೆ ಕಾಯಿಸಿ, ಮೆತ್ತಗಾದೊಡನೆ ಹೊಸೆದು ಎಳೆ ಮಾಡಿ, ಲೋಹದ ಉಂಗುರಕ್ಕೆ ಸುತ್ತಿ ಕೂರಿಸುತ್ತಾರೆ. ಅರಗು ಆರುವ ಮೊದಲು ಹರಳುಗಳನ್ನು ಒಂದೊಂದಾಗಿ ಎತ್ತಿ ಒತ್ತಬೇಕು. ತಡವಾದರೆ ಹರಳು ನಿಲ್ಲುವುದಿಲ್ಲ, ಅವಸರ ಮಾಡಿದರೆ ಬೆರಳು ಸುಡುತ್ತದೆ. ಹರಳು ಕೂರಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಅರಗು, ಹರಳು, ಇದ್ದಿಲನ್ನು ಅಂಗಡಿಯವನೇ ಕೊಟ್ಟರೆ ಕೈಗೆ ಬರುವುದು ಬರೀ ಕೂಲಿ. ಅದೇ ಸಾಮಾನನ್ನು ತಾನೇ ಕೊಂಡು ತಂದರೆ ಬಳೆಯ ಬೆಲೆ ತನ್ನದು. ಬಳೆ ವಾರದೊಳಗೆ ಮಾರಿಹೋಗುತ್ತದೆ, ದುಡ್ಡು ತಿರುಗುತ್ತದೆ, 224 ರೂಪಾಯಿ ಹುಟ್ಟುತ್ತದೆ. ಆದ್ದರಿಂದ ತರಕಾರಿ, ಹಣ್ಣು, ಇಡ್ಲಿ, ಸೀರೆ ವ್ಯಾಪಾರ, ಬಳೆ ಇವಕ್ಕೆ ವಾರದ ಕಂತು ಹೊಂದುತ್ತದೆ. ಹೊಲಿಗೆ ಯಂತ್ರ ಕೊಂಡವಳ ಕಥೆ ಬೇರೆ. ಬೀದಿಯವರು ಆಕೆಯ ಕೈಗುಣ ನೋಡಿ ಬಟ್ಟೆ ತರಲು ತಿಂಗಳುಗಳೇ ಬೇಕು. ಕಂತು ಮಾತ್ರ ಬೇಗನೆ ಬಾಗಿಲಿಗೆ ಬರುತ್ತದೆ. ಕೋಲ್ಕತ್ತದಲ್ಲಿ ಅರ್ಥಶಾಸ್ತ್ರಜ್ಞರು ಮೊದಲ ಎರಡು ತಿಂಗಳು ಕಂತಿನ ಬಿಡುವು ಕೊಟ್ಟು ನೋಡಿದ್ದಾರೆ. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಾಕಿದರು, ಹೆಚ್ಚು ಗಳಿಸಿದರು. ಅವರಲ್ಲಿ ಸಾಲ ತೀರಿಸದೆ ಉಳಿಸಿಕೊಂಡವರೂ ಹೆಚ್ಚೇ. ಕಂಪನಿಗಳು ಈ ಕೊನೆಯ ವಾಕ್ಯವನ್ನೇ ಓದಿಕೊಂಡವು.

ಹೈದರಾಬಾದಿನಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆಯೇ ನಡೆಯಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು 2005ರಲ್ಲಿ ಸ್ಪಂದನದ ಜೊತೆ ಒಪ್ಪಂದ ಮಾಡಿಕೊಂಡು ನಗರದ 104 ಬಡ ಬಡಾವಣೆಗಳನ್ನು ಆರಿಸಿದರು. ಚೀಟಿ ಎತ್ತಿದ ಹಾಗೆ 52 ಕಡೆ ಸ್ಪಂದನ ಮೊದಲು ಶಾಖೆ ತೆರೆಯಬೇಕು, ಉಳಿದ 52 ಕಡೆ ಕಾಯಬೇಕು. ಶುರುವಿಗೆ ನೋಡಿದಾಗಲೇ ಸುಮಾರು ಮೂರು ಮನೆಗೊಂದರಲ್ಲಿ ಏನಾದರೊಂದು ವ್ಯಾಪಾರವಿತ್ತು. ಬಂಡವಾಳವೆಂದರೆ ತಕ್ಕಡಿ, ತಳ್ಳುಗಾಡಿ, ಹೊಲಿಗೆ ಯಂತ್ರ, ಮೇಜು. ಕೂಲಿಗೆ ಆಳಿಟ್ಟುಕೊಂಡವರು ತೀರಾ ಕಡಿಮೆ. ಶಾಖೆ ತೆರೆದು ಒಂದೂಕಾಲು ವರ್ಷ ದಾಟಿದ ಮೇಲೆ ಸಂಶೋಧಕರು ಸುಮಾರು 6,800 ಮನೆಗಳ ಬಾಗಿಲು ತಟ್ಟಿದರು.

ಫಲಿತಾಂಶ ಯಾರಿಗೂ ಪೂರ್ತಿ ಹಿಡಿಸಲಿಲ್ಲ. ಸಾಲ ಬಾಗಿಲಿಗೆ ಬಂದರೂ ನಾಲ್ಕರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮನೆಗಳಷ್ಟೇ ಕಿರುಸಾಲ ಪಡೆದಿದ್ದವು. ಹೊಸ ವ್ಯಾಪಾರ ಕೆಲವು ಹುಟ್ಟಿದ್ದವು, ಬಹುತೇಕ ಪುಟ್ಟವು, ಲಾಭ ಕಡಿಮೆ. ಮೊದಲಿಂದ ವ್ಯಾಪಾರ ಇದ್ದವರು ಅದಕ್ಕೆ ಇನ್ನಷ್ಟು ಹಾಕಿದ್ದರು. ಲಾಭ ಎದ್ದು ಕಾಣುವಷ್ಟು ಹೆಚ್ಚಿದ್ದು ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಕೆಲವೇ ಅಂಗಡಿಗಳಲ್ಲಿ. ಮನೆಗೆ ಬಾಳಿಕೆ ಬರುವ ಸಾಮಾನು ಬಂದಿತ್ತು. ಹೊರಗಿನ ಚಹಾ, ತಿಂಡಿ, ಬೀಡಿ, ಹಬ್ಬದ ಖರ್ಚು ಇಳಿದಿತ್ತು. ಒಟ್ಟು ಖರ್ಚಿನ ಮಟ್ಟ ಏರಿರಲಿಲ್ಲ, ಮಕ್ಕಳ ಓದಿನಲ್ಲಿ, ಮನೆಯ ನಿರ್ಧಾರಗಳಲ್ಲಿ ಹೆಂಗಸಿನ ಮಾತಿಗಿರುವ ಬೆಲೆಯಲ್ಲಿ ಅಳೆದು ಹೇಳುವಂಥ ಬದಲಾವಣೆ ಕಾಣಲಿಲ್ಲ. ಕಿರುಸಾಲ ಬಡತನವನ್ನೇ ಅಳಿಸುತ್ತದೆ ಎಂದು ವೇದಿಕೆಗಳಲ್ಲಿ ಹೇಳುತ್ತಿದ್ದವರಿಗೆ ಇದು ಕಹಿ. ಸಾಲ ಬಡವರನ್ನು ಸುಲಿಯುತ್ತದೆ ಎನ್ನುತ್ತಿದ್ದವರಿಗೂ ಅಷ್ಟೇ ಕಹಿ, ಏಕೆಂದರೆ ಸುಲಿಗೆಯ ಗುರುತೂ ಲೆಕ್ಕದಲ್ಲಿ ಸಿಗಲಿಲ್ಲ. ಬೀಡಿ, ಚಹಾ ಬಿಟ್ಟು ಕಂತು ಕಟ್ಟಿ ಮನೆಗೆ ಬೇಕಾದ ಸಾಮಾನು ಮಾಡಿಕೊಂಡರು ಎಂಬುದನ್ನು ಸಣ್ಣ ಮಾತೆಂದು ಪಂಡಿತರು ತಳ್ಳಿಹಾಕಬಹುದು. ಮನೆ ನಡೆಸುವವರು ಹಾಗೆನ್ನಲಾರರು.

ಸಂಶೋಧಕರು ಎಣಿಸುತ್ತಿದ್ದ ಹೊತ್ತಿನಲ್ಲಿ ಕಂಪನಿಗಳು ಓಡುತ್ತಿದ್ದವು.

ಎಸ್‌ಕೆಎಸ್ ಕಟ್ಟಿದ ವಿಕ್ರಂ ಆಕುಲಾ ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಮರಳಿ ಬಂದು ಜಹೀರಾಬಾದ್ ಸುತ್ತಮುತ್ತ ದಲಿತ ಹೆಂಗಸರ ಸಂಘಗಳನ್ನು ಕಟ್ಟಿದ್ದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ದುಡಿದಿದ್ದರು. ದಾನದ ದುಡ್ಡು ಮುಗಿದರೆ ಮುಂದಿನ ಹಳ್ಳಿಯ ಹೆಂಗಸಿಗೆ ಇಲ್ಲ ಎನ್ನಬೇಕಾಗುತ್ತದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ಉತ್ತರ ಮಾರುಕಟ್ಟೆಯ ಬಂಡವಾಳ. 2005ರಲ್ಲಿ ಎಸ್‌ಕೆಎಸ್ ಕಂಪನಿಯಾಯಿತು, 2006ರಲ್ಲಿ ಆಕುಲಾ ಅವರ ಹೆಸರು ಟೈಮ್ ಪತ್ರಿಕೆಯ ಪ್ರಭಾವಿಗಳ ಪಟ್ಟಿಗೆ ಬಂತು. ಹೂಡಿಕೆ ಸಂಸ್ಥೆ ಸಿಕೋಯಾ ಬಂತು, ಹೂಡಿಕೆದಾರ ವಿನೋದ್ ಖೋಸ್ಲಾ ಬಂದರು, 2010ರ ಆರಂಭದಲ್ಲಿ ನಮ್ಮ ನಾರಾಯಣಮೂರ್ತಿಯವರ ಕ್ಯಾಟಮರಾನ್ ಕೂಡ ಸುಮಾರು 28 ಕೋಟಿ ಹಾಕಿತು. ಹೂಡಿಕೆದಾರರಿಗೆ ಬೆಳವಣಿಗೆ ಬೇಕು, ಬೆಳವಣಿಗೆಗೆ ಹೊಸ ಸಾಲಗಾರರು ಬೇಕು. ಹೊಸ ಹಳ್ಳಿಯಲ್ಲಿ ಹೊಸ ಗುಂಪು ಕಟ್ಟುವುದಕ್ಕಿಂತ, ಇನ್ನೊಂದು ಕಂಪನಿ ಪಳಗಿಸಿದ್ದ ಗುಂಪಿಗೇ ಎರಡನೆಯ ಸಾಲ ಕೊಡುವುದು ಸುಲಭ. ಆಮೇಲೆ ಮೂರನೆಯದು. ಸೋಮವಾರ ಒಂದು ಕಂಪನಿಯ ಕಂತು, ಬುಧವಾರ ಇನ್ನೊಂದರದು, ನಡುವೆ ಸರ್ಕಾರಿ ಸಂಘದ ಉಳಿತಾಯ. ಒಂದರ ಸಾಲ ತೆಗೆದು ಇನ್ನೊಂದರ ಕಂತು ಕಟ್ಟುವ ಆಟ ಶುರುವಾಯಿತು. ಯಾರ ಹೆಸರಿನಲ್ಲಿ ಎಷ್ಟು ಸಾಲವಿದೆ ಎಂದು ನೋಡುವ ಏರ್ಪಾಡು ಆಗ ಕಂಪನಿಗಳಲ್ಲಿ ನೆಟ್ಟಗೆ ಇರಲಿಲ್ಲ. ಇದ್ದಿದ್ದರೆ ನೋಡುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ.

ಎಚ್ಚರಿಕೆಯ ಗಂಟೆ ಎರಡು ಸಲ ಹೊಡೆದಿತ್ತು. 2006ರ ಮಾರ್ಚಿನಲ್ಲಿ ಕೃಷ್ಣಾ ಜಿಲ್ಲೆಯ ಆಡಳಿತ ಷೇರ್, ಸ್ಪಂದನ ಮುಂತಾದವುಗಳ ಸುಮಾರು 50 ಶಾಖೆಗಳಿಗೆ ಬೀಗ ಹಾಕಿತು. ಹೆಚ್ಚು ಬಡ್ಡಿ, ಒರಟು ವಸೂಲಿ ಎಂಬುದು ದೂರು. ಕಂಪನಿಗಳು ನೀತಿಸಂಹಿತೆ ಬರೆದುಕೊಂಡು, ಬಡ್ಡಿ ಸ್ವಲ್ಪ ಇಳಿಸಿ, ಮತ್ತೆ ಓಡಿದವು. 2009ರಲ್ಲಿ ಗಂಟೆ ಹೊಡೆದದ್ದು ಕರ್ನಾಟಕದಲ್ಲಿ. ಕೋಲಾರದ ಅಂಜುಮನ್ ಸಮಿತಿ ಮುಸ್ಲಿಂ ಹೆಂಗಸರಿಗೆ ಕಿರುಸಾಲದ ಕಂತು ಕಟ್ಟಬೇಡಿ ಎಂದಿತು. ರೇಷ್ಮೆಯ ಕೆಲಸ ನೆಚ್ಚಿದ ಊರುಗಳಲ್ಲಿ, ರಾಮನಗರದ ತನಕ, ಸೆಂಟರುಗಳು ಖಾಲಿಯಾದವು. ರೇಷ್ಮೆ ಬಿಚ್ಚುವ ಮನೆಗಳಿಗೆ ಕೆಲಸ ಕಮ್ಮಿಯಾದ ಕಾಲವದು. ವ್ಯಾಪಾರ ಇಳಿದರೂ ವಾರದ ಕಂತು ಇಳಿಯುವುದಿಲ್ಲ ಎಂಬ ಪಾಠ ಅಲ್ಲೇ ಇತ್ತು. ಹೈದರಾಬಾದಿನ ಕಚೇರಿಗಳಲ್ಲಿ ಆಗ ಷೇರುಪೇಟೆಗೆ ಹೋಗುವ ಕಾಗದಪತ್ರ ತಯಾರಾಗುತ್ತಿತ್ತು.

2010ರ ಅಕ್ಟೋಬರ್ 4ರಂದು ಎಸ್‌ಕೆಎಸ್ ತನ್ನ ಮುಖ್ಯ ಕಾರ್ಯನಿರ್ವಾಹಕ ಸುರೇಶ್ ಗುರುಮಾನಿಯವರನ್ನು ದಿಢೀರನೆ ತೆಗೆದುಹಾಕಿತು. ಷೇರುಪೇಟೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದೇ ದಿನಗಳಲ್ಲಿ ತೆಲುಗು ಪತ್ರಿಕೆ, ಟಿವಿಗಳಲ್ಲಿ ಕಿರುಸಾಲದ ಕಿರುಕುಳಕ್ಕೆ ಜೀವ ಕಳೆದುಕೊಂಡವರ ಸುದ್ದಿ ಒಂದರ ಹಿಂದೊಂದು ಬರುತ್ತಿತ್ತು. ಮನೆ ಮುಂದೆ ಧರಣಿ ಕೂರುವುದು, ಗುಂಪಿನ ಹೆಂಗಸರನ್ನೇ ಛೂ ಬಿಟ್ಟು ಬೀದಿಯಲ್ಲಿ ಮಾನ ಕಳೆಯುವುದು: ದೂರುಗಳು ಹೆಚ್ಚಾಗಿ ಇಂಥವು. ಕಂಪನಿಗಳು ಸಾವುಗಳಿಗೂ ತಮಗೂ ಸಂಬಂಧವಿಲ್ಲ ಎಂದವು, ಸರ್ಕಾರ ಪಟ್ಟಿ ಮಾಡಿತು. ಒಂದೊಂದು ಸಾವಿನ ಹಿಂದೆಯೂ ಎಷ್ಟು ಸಾಲ, ಯಾರ ಸಾಲ ಎಂಬುದು ವಾದದಲ್ಲೇ ಉಳಿಯಿತು. ಅಕ್ಟೋಬರ್ ಮಧ್ಯದಲ್ಲಿ ಕೆ. ರೋಸಯ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು; ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಪ್ರತಿ ಜಿಲ್ಲೆಯಲ್ಲೂ ನೋಂದಣಿ, ಬಡ್ಡಿಯ ಮೊತ್ತ ಅಸಲನ್ನು ಮೀರುವಂತಿಲ್ಲ, ವಸೂಲಿ ಮನೆ ಬಾಗಿಲಲ್ಲಿ ಅಲ್ಲ, ಪಂಚಾಯತಿ ಕಚೇರಿಯಂಥ ಸಾರ್ವಜನಿಕ ಜಾಗದಲ್ಲಿ, ವಾರದ ಬದಲು ತಿಂಗಳ ಕಂತು, ಬಲವಂತ ಮಾಡಿದರೆ ಜೈಲು.

ಕಾಗದದಲ್ಲಿ ಇದು ನಿಯಂತ್ರಣ. ನೆಲದಲ್ಲಿ ಇದು ಸಾಲಮನ್ನಾ ಎಂದೇ ಕೇಳಿಸಿತು. ರಾಜಕಾರಣಿಗಳು ಕಟ್ಟಬೇಡಿ ಎಂದರು. ಬೈಕಿನ ಹುಡುಗರು ಬೀದಿಗಿಳಿಯಲು ಹೆದರಿದರು. ನೂರಕ್ಕೆ 99ರಷ್ಟು ಬರುತ್ತಿದ್ದ ಕಂತು ಹತ್ತರ ಆಸುಪಾಸಿಗೆ ಕುಸಿಯಿತು. ರಾಜ್ಯದಲ್ಲಿ ಹರಡಿದ್ದ ಏಳು ಸಾವಿರ ಕೋಟಿಗೂ ಮೀರಿದ ಸಾಲ ನಿಂತಲ್ಲೇ ನಿಂತಿತು. ಸ್ಪಂದನ, ಷೇರ್, ಅಸ್ಮಿತಾ, ಟ್ರೈಡೆಂಟ್ ಬ್ಯಾಂಕುಗಳ ಮುಂದೆ ಸಾಲ ಪುನರ್‌ರಚನೆಗೆ ಕೈಚಾಚಿದವು. 2011ರ ನವೆಂಬರಿನಲ್ಲಿ ಆಕುಲಾ ತಾವು ಕಟ್ಟಿದ ಕಂಪನಿಯಿಂದ ಹೊರನಡೆದರು. ಹೆಸರು ಬದಲಿಸಿಕೊಂಡು ಭಾರತ್ ಫೈನಾನ್ಷಿಯಲ್ ಇನ್‌ಕ್ಲೂಷನ್ ಆದ ಎಸ್‌ಕೆಎಸ್ 2019ರಲ್ಲಿ ಇಂಡಸ್‌ಇಂಡ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಕಂಪನಿಗಳ ಪಾಡು ಪತ್ರಿಕೆಗಳಲ್ಲಿ ಸಾಕಷ್ಟು ಬಂತು. ಹೆಂಗಸರ ಪಾಡನ್ನು ಕೇಳಿದವರು ಕಡಿಮೆ. ಕಂತು ನಿಂತದ್ದು ಎಷ್ಟೋ ಜನರಿಗೆ ಉಸಿರು ಬಿಟ್ಟ ಹಾಗಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮುಂದಿನ ಸಾಲವೂ ನಿಂತಿತು. ಹಬ್ಬಕ್ಕೆ ಮೊದಲು ಸೀರೆ ತಂದು ಮಾರುವವಳು, ಮದುವೆ ತಿಂಗಳಿಗೆ ಹರಳು ಕೊಳ್ಳುವವಳು ಮತ್ತೆ ಬೀದಿಯ ಬಡ್ಡಿಯವನ ಬಳಿ ಹೋಗಬೇಕಾಯಿತು. ಬಡ್ಡಿಯವನಂತೂ ಎಲ್ಲಿಗೂ ಹೋಗಿರಲಿಲ್ಲ. 2009ರಲ್ಲಿ ಆಂಧ್ರದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಕಿರುಸಾಲ ಕಂಪನಿಯ ಸಾಲವಿದ್ದ ಮನೆಗಳು ಶೇ. 11, ಸಂಘದ ಸಾಲವಿದ್ದವು ಶೇ. 53, ಸಾಹುಕಾರ, ನೆಂಟರು, ಅಂಗಡಿಯವರಂಥ ಕಡೆ ಸಾಲವಿದ್ದವು ಶೇ. 80ಕ್ಕೂ ಹೆಚ್ಚು. ಕಾಯ್ದೆ ಹಿಡಿದದ್ದು ಆ ಹನ್ನೊಂದನ್ನು.

ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಎಂಬ ಅರ್ಥಶಾಸ್ತ್ರಜ್ಞೆಯರು ಈ ಬಿರುಗಾಳಿಯನ್ನು ಆಂಧ್ರದ ಹೊರಗೂ ಅಳೆದರು. ಹೈದರಾಬಾದಿನಲ್ಲಿ ಕೈಸುಟ್ಟುಕೊಂಡ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಮೊಟಕು ಮಾಡಿದ್ದವು. ಸಾಲ ಹೆಚ್ಚು ಬತ್ತಿದ ಜಿಲ್ಲೆಗಳಲ್ಲಿ ದಿನಗೂಲಿ ಇಳಿದಿತ್ತು, ಮನೆಗಳ ಖರ್ಚು ಇಳಿದಿತ್ತು. ಅಂದರೆ ಸಾಲವನ್ನೇ ಮಾಡದ ಕೂಲಿಯವಳಿಗೂ ಪೆಟ್ಟು ತಗುಲಿತ್ತು.

ಹೈದರಾಬಾದಿನ ಆ 104 ಬಡಾವಣೆಗಳಿಗೆ ಸಂಶೋಧಕರು ಮತ್ತೆ ಹೋದರು. ಸ್ಪಂದನ ಮೊದಲು ಕಾಲಿಟ್ಟು ಆರು ವರ್ಷವಾಗಿತ್ತು, ಕಾಯ್ದೆ ಬಂದು ಸಾಲವೆಲ್ಲ ನಿಂತಿತ್ತು. ಈ ಸಲ ಅವರು ಮನೆಗಳನ್ನು ಎರಡು ಪಾಲು ಮಾಡಿ ನೋಡಿದರು: ಸಾಲ ಬರುವ ಮೊದಲೇ ವ್ಯಾಪಾರ ಇದ್ದವರು, ಇಲ್ಲದವರು. ಇಲ್ಲದವರಲ್ಲಿ ಬದಲಾವಣೆ ಹೆಚ್ಚುಕಡಿಮೆ ಸೊನ್ನೆ. ಇದ್ದವರ ಲೆಕ್ಕ ಬೇರೆಯೇ ಇತ್ತು. ಸಾಲ ಬೇಗ ಸಿಕ್ಕ ಬಡಾವಣೆಗಳಲ್ಲಿ ಅವರ ವ್ಯಾಪಾರದ ಆಸ್ತಿ ಶೇ. 35ರಷ್ಟು ಹೆಚ್ಚು, ವಹಿವಾಟು ಎರಡರಷ್ಟು. ಸಾಲ ನಿಂತ ಮೇಲೂ ಆ ಏರಿಕೆ ಉಳಿದಿತ್ತು. ಸರಾಸರಿಯಲ್ಲಿ ಮುಚ್ಚಿಹೋಗಿದ್ದ ಸಂಗತಿ ಇದು. ಬ್ಯಾನರ್ಜಿ, ಡುಫ್ಲೊ 2019ರಲ್ಲಿ ನೊಬೆಲ್ ಪಡೆದಾಗ ಅವರ ಕೆಲಸದ ಪಟ್ಟಿಯಲ್ಲಿ ಹೈದರಾಬಾದಿನ ಈ ಗಲ್ಲಿಗಳೂ ಇದ್ದವು. ಚಿಂದಿಯವಳ ಕಥೆಯಲ್ಲಿ ಮೊದಲೇ ಇದ್ದ ವಿವರವನ್ನು ಸಾವಿರಾರು ಮನೆಗಳಲ್ಲಿ ಎಣಿಸಿ ಹೇಳಲು ಇಷ್ಟು ಕಾಲ ಹಿಡಿಯಿತು. ಬಡ ಹೆಂಗಸರೆಲ್ಲ ಹುಟ್ಟಾ ವ್ಯಾಪಾರಿಗಳು ಎಂಬುದು ಹೊಟ್ಟೆ ತುಂಬಿದವರು ಕಟ್ಟಿದ ಕಲ್ಪನೆ. ತಿಂಗಳ ಸಂಬಳದ ಕೆಲಸ ಸಿಕ್ಕರೆ ಬಂಡಿ ಬಿಟ್ಟು ಹೋಗುವವರೇ ಹೆಚ್ಚು. ಬಂಡಿಯನ್ನೇ ಹಿಡಿದು ನಿಲ್ಲುವ ಕೆಲವರಿಗೆ ಮಾತ್ರ ಈ ಸಾಲ ನಿಜವಾಗಿ ಮೆಟ್ಟಿಲಾಯಿತು, ಮತ್ತು ಅವರನ್ನು ಮೊದಲೇ ಗುರುತಿಸುವ ಗೊಡವೆಗೆ ಕಂಪನಿಯೂ ಹೋಗಲಿಲ್ಲ, ಸರ್ಕಾರವೂ ಹೋಗಲಿಲ್ಲ.

ನಿಯಮಗಳು ಮಾತ್ರ ಬಂದವು. ರಿಸರ್ವ್ ಬ್ಯಾಂಕ್ ನೇಮಿಸಿದ್ದ ವೈ.ಎಚ್. ಮಾಲೆಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರ ಹಿಂದೆಯೇ ರಿಸರ್ವ್ ಬ್ಯಾಂಕ್ ಬಡ್ಡಿಗೆ ಶೇ. 26ರ ಮಿತಿ ಹಾಕಿತು, ಒಬ್ಬಳಿಗೆ ಎರಡಕ್ಕಿಂತ ಹೆಚ್ಚು ಕಂಪನಿ ಸಾಲ ಕೊಡಬಾರದೆಂದಿತು, ಕಂತು ವಾರಕ್ಕೋ ತಿಂಗಳಿಗೋ ಎಂಬುದನ್ನು ಸಾಲಗಾರಳ ಇಷ್ಟಕ್ಕೆ ಬಿಟ್ಟಿತು. 2022ರಲ್ಲಿ ಬಡ್ಡಿಯ ಮಿತಿ ಹೋಯಿತು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದೆಂಬ ಹೊಸ ನಿಯಮ ಬಂತು. ಆದಾಯವನ್ನು ಯಾರು ಅಳೆಯಬೇಕು? ಬೈಕಿನ ಹುಡುಗನೇ. 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಆಂಧ್ರದ ಹಾದಿಯಲ್ಲೇ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, ಮತ್ತೆ ಬಂದಾಗ ಸಹಿ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು. ಆಂಧ್ರದ ಮಾದರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳನ್ನು ಇದು ತನ್ನ ವ್ಯಾಪ್ತಿಗೆ ತರಲಿಲ್ಲ.

ತೆಲಂಗಾಣದಲ್ಲಿ ಹಳೆಯ ಕಾಯ್ದೆಯ ಹಿಡಿತ ಸಡಿಲಿದ್ದು 2023ರ ಫೆಬ್ರವರಿಯಲ್ಲಿ. ರಿಸರ್ವ್ ಬ್ಯಾಂಕಿನ ಅಡಿಯಲ್ಲಿರುವ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಅಲ್ಲಿನ ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ಕಂಪನಿಗಳು ಖಾಲಿ ಬಿಟ್ಟ ಜಾಗದ ಒಂದಿಷ್ಟನ್ನು 2011ರಲ್ಲಿ ಹುಟ್ಟಿದ ಸ್ತ್ರೀನಿಧಿ ತುಂಬಿತ್ತು. ಸಂಘಗಳ ಒಕ್ಕೂಟಗಳೂ ಸರ್ಕಾರವೂ ಸೇರಿ ನಡೆಸುವ ಈ ಸಹಕಾರಿ ಸಂಸ್ಥೆಗೆ ಸಂಘದಿಂದ ಫೋನಿನಲ್ಲೇ ಬೇಡಿಕೆ ಹೋಗುತ್ತದೆ, ಹಣ ಸಂಘದ ಖಾತೆಗೆ ಬರುತ್ತದೆ. ರಾಜ್ಯ ಒಡೆದ ಮೇಲೆ ಅದೂ ಎರಡಾಯಿತು. 2024ರಲ್ಲಿ ತೆಲಂಗಾಣ ಸರ್ಕಾರ ಇಂದಿರಾ ಮಹಿಳಾ ಶಕ್ತಿ ಎಂಬ ಹೆಸರಿನಲ್ಲಿ ಸಂಘಗಳಿಗೆ ಸಾಲದ ಜೊತೆ ಕೆಲಸವನ್ನೂ ಕೊಡಲು ಹೊರಟಿತು: ಕ್ಯಾಂಟೀನು, ಸಾರಿಗೆ ಸಂಸ್ಥೆಗೆ ಬಾಡಿಗೆ ಬಸ್ಸು, ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರ. ಸಮವಸ್ತ್ರದ ಹೊಲಿಗೆ ಕೂಲಿಯನ್ನು ಒಂದು ಜೊತೆಗೆ 50 ರೂಪಾಯಿಯಿಂದ 75ಕ್ಕೆ ಏರಿಸಿದರು. ಯಂತ್ರಕ್ಕೆ ಸಾಲ ತೆಗೆದ ಹೆಂಗಸಿಗೆ ಈಗ ಹೊಲಿಯಲು ಬಟ್ಟೆ ಶಾಲೆ ತೆರೆಯುವ ಮೊದಲೇ ಬಂದು ಬೀಳುತ್ತದೆ. ಜೂನ್ ಕಳೆದ ಮೇಲೆ ಆ ಯಂತ್ರಕ್ಕೆ ಕೆಲಸ ಎಲ್ಲಿಂದ ಎಂಬುದನ್ನು ಸಂಘಗಳು ಈಗ ಅಧಿಕಾರಿಗಳನ್ನು ಕೇಳಬೇಕಾಗಿದೆ.